ಚರ್ಚಿಗೆ ಹೋಗುವ ಹೊಸ ಕುಟುಂಬಗಳಿಗೆ: ಭಾನುವಾರ ಬಿಟ್ಟು ಉಳಿದ ಆರು ದಿನ

ನಮ್ಮ ಕನ್ನಡ ಸಂಘ ಯಾವ ಧರ್ಮಕ್ಕೂ ಸೇರಿದ್ದಲ್ಲ. ಆದರೂ ಹೊಸದಾಗಿ ಬಂದವರ ಮಾರ್ಗದರ್ಶಿಯಲ್ಲಿ ಈ ಭಾಗ ಇರಲೇಬೇಕು ಅಂತ ಹಟ ಹಿಡಿದವಳು ನಾನೇ. ಅದಕ್ಕೆ ಕಾರಣ ಇದೆ. ಊರು ಬಿಟ್ಟು ಈ ದೇಶಕ್ಕೆ ಬಂದ ಮೊದಲ ವರ್ಷ ನಾವು ಒಂದು ಭಾನುವಾರವೂ ತಪ್ಪಿಸಲಿಲ್ಲ. ಹಿಂದಿನ ಸಾಲಿನಲ್ಲಿ ಕೂತೆವು. ಕೊನೆಯ ಹಾಡು ಮುಗಿಯುವ ಮೊದಲೇ ಎದ್ದು ಮನೆ ಸೇರಿದೆವು. ಯಾರೂ ಮಾತಾಡಿಸಲಿಲ್ಲ, ಯಾರೂ ಕರೆಯಲಿಲ್ಲ ಅಂತ ಮನೆಯಲ್ಲಿ ಬೇಜಾರು ಬೇರೆ. ವರ್ಷ ಕಳೆದ ಮೇಲೆ ಒಬ್ಬ ವಯಸ್ಸಾದ ಹೆಂಗಸು ಬಾಗಿಲಲ್ಲಿ ತಡೆದು ಕೇಳಿದರು, "ನೀವು ಎಷ್ಟು ದಿನ ಇರ್ತೀರಿ?" ಪಾಪ, ನಾವು ಯಾರದೋ ಮನೆಗೆ ಬಂದ ನೆಂಟರು ಅಂದುಕೊಂಡಿದ್ದರಂತೆ!

ಫಾದರ್ ಇರಲಿ, ಪಾಸ್ಟರ್ ಇರಲಿ, ಅವರೇ ಮನೆ ಹುಡುಕಿಕೊಂಡು ಬರುತ್ತಾರೆ ಅಂತ ಕಾಯಬೇಡಿ. ನೀವು ಬಂದಿರುವುದೇ ಅವರಿಗೆ ಗೊತ್ತಿರುವುದಿಲ್ಲ.

ಮೊದಲು ಇಷ್ಟು ಮಾಡಿ

- ಪ್ಯಾರಿಷ್ ಆಫೀಸಿನಲ್ಲಿ, ಅಂದರೆ ಚರ್ಚಿನ ಕಚೇರಿಯಲ್ಲಿ, ಹೆಸರು ಬರೆಸಿ. ಪೂಜೆಗೆ ಹೋಗುವುದು ಬೇರೆ, ಪಟ್ಟಿಯಲ್ಲಿ ಹೆಸರು ಇರುವುದು ಬೇರೆ.
- ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಮತ್ತು ಮದುವೆಯ ಸರ್ಟಿಫಿಕೇಟ್ ಕಾಪಿ ಜೊತೆಗಿರಲಿ.
- ಬಾಗಿಲಲ್ಲಿ ಕೊಡುವ ಪ್ರಕಟಣೆ ಹಾಳೆಯನ್ನು ಮನೆಗೆ ತನ್ನಿ. ಕೂಟ, ತರಗತಿಗಳ ವಿಷಯ ಸಾಮಾನ್ಯವಾಗಿ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ.
- ಆರಾಧನೆ ಮುಗಿದ ಮೇಲೆ ಕಾಫಿಗೆ ನಿಲ್ಲಿ.

ಬೈಬಲ್ ಅಧ್ಯಯನ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಕ್ಷಮಿಸಿ.

ಮೊದಲ ದಿನ ಅಮ್ಮ ಕೊಟ್ಟ ಕನ್ನಡ ಸತ್ಯವೇದವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಒಂಬತ್ತು ಜನ ಗೋಲಾಗಿ ಕೂತಿದ್ದರು. ನಡೆಸುವವರು "ಜೇಮ್ಸ್, ಎರಡನೇ ಅಧ್ಯಾಯ" ಎಂದರು. ಎಲ್ಲರ ಪುಟಗಳೂ ಸರಸರ ತಿರುಗಿದವು. ನಾನು ಪರಿವಿಡಿ ತೆಗೆದೆ. ಜೇಮ್ಸ್ ಇಲ್ಲ. ಬೆರಳಿಟ್ಟು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲಕ್ಕೆ ನೋಡಿದೆ. ಚಿಕ್ಕಂದಿನಿಂದ ಸಂಡೇ ಸ್ಕೂಲಿನಲ್ಲಿ ಬಹುಮಾನ ತೆಗೆದುಕೊಂಡು ಬೆಳೆದವಳಿಗೆ ಬೈಬಲಿನಲ್ಲಿ ಒಂದು ಪುಸ್ತಕ ಸಿಗುತ್ತಿಲ್ಲ! ಪಕ್ಕದವರು ತಮ್ಮ ಪುಸ್ತಕವನ್ನು ನನ್ನ ಕಡೆ ಸರಿಸಿದರು. ಬೇಡ, ಸಿಕ್ಕಿತು ಅಂತ ಸುಳ್ಳು ಹೇಳಿ, ಯಾವುದೋ ಪುಟ ತೆರೆದು ಒಂದು ಗಂಟೆ ಕೂತೆ.

ಅದು ಯಾಕೋಬನ ಪತ್ರಿಕೆ ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು. ಗ್ರೀಕಿನಲ್ಲಿ ಅವನ ಹೆಸರು ಯಾಕೋಬೊಸ್. ಕನ್ನಡ ಆ ಹೆಸರನ್ನು ಹೆಚ್ಚುಕಡಿಮೆ ಹಾಗೇ ಉಳಿಸಿಕೊಂಡಿದೆ. ಇಂಗ್ಲಿಷ್ ಮಾತ್ರ ಲ್ಯಾಟಿನ್ನು, ಫ್ರೆಂಚು ಅಂತ ಸುತ್ತಿ ಬಂದು ಅವನನ್ನು ಜೇಮ್ಸ್ ಮಾಡಿಬಿಟ್ಟಿದೆ. ಅವತ್ತು ಅವರು ಓದಿದ ಭಾಗವನ್ನು ರಾತ್ರಿ ಓದಿದೆ. ಸಭೆಗೆ ಚಿನ್ನದ ಉಂಗುರ ಹಾಕಿಕೊಂಡವನು ಬಂದರೆ ಒಳ್ಳೇ ಜಾಗ ಕೊಡುತ್ತೀರಿ, ಕೊಳೆ ಬಟ್ಟೆಯ ಬಡವನಿಗೆ ಅಲ್ಲಿ ನಿಂತುಕೋ ಅನ್ನುತ್ತೀರಿ, ಇದು ಸರಿಯೇ ಅಂತ ಬೈಯುವ ಅಧ್ಯಾಯ ಅದು. ಬಂದವರನ್ನು ಹೇಗೆ ಕೂರಿಸಬೇಕು ಅನ್ನುವ ಮಾತು ನಡೆಯುತ್ತಿದ್ದಾಗ ನಾನು ತಪ್ಪು ಪುಟ ತೆರೆದುಕೊಂಡು ಕೂತಿದ್ದೆ.

ನಿಮಗೆ ಹೀಗಾಗಬಾರದು. ಎಡವುವ ಹೆಸರುಗಳು ಇವು: ನಂಬರ್ಸ್ ಅಂದರೆ ಅರಣ್ಯಕಾಂಡ (ಹೀಬ್ರೂ ಹೆಸರಿನ ಅರ್ಥವೂ ಅರಣ್ಯದಲ್ಲಿ ಅಂತಲೇ). ಎಕ್ಸೊಡಸ್ ಅಂದರೆ ವಿಮೋಚನಕಾಂಡ. ಎಕ್ಲೀಸಿಯಾಸ್ಟಿಸ್ ಅಂದರೆ ಪ್ರಸಂಗಿ. ಆಕ್ಟ್ಸ್ ಅಂದರೆ ಅಪೊಸ್ತಲರ ಕೃತ್ಯಗಳು. ಜೋಬ್ ಅಂದರೆ ಯೋಬ. ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ನಾಚಿಕೆ ಬೇಡ. ನನ್ನ ಚೀಟಿ ಈಗಲೂ ಇದೆ.

ಇನ್ನೊಂದು ವಿಷಯ. ಪ್ರೊಟೆಸ್ಟಂಟರ ಬೈಬಲಿನಲ್ಲಿ 66 ಪುಸ್ತಕ, ಕ್ಯಾಥೊಲಿಕರದ್ದರಲ್ಲಿ 73. ಸಿರಾಖ, ಮಕ್ಕಬಿಯರಂಥವು ಓದಿಗೆ ಬಂದರೆ 66ರ ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಯಾವ ಚರ್ಚಿಗೆ ಹೋಗುತ್ತೀರೋ ಅದಕ್ಕೆ ತಕ್ಕ ಪುಸ್ತಕ ಒಯ್ಯಿರಿ.

ಬಹಳ ಕಡೆ ಮುಂದಿನ ಭಾನುವಾರದ ವಾಚನಗಳನ್ನೇ, ಅಂದರೆ ಅವತ್ತು ಚರ್ಚಿನಲ್ಲಿ ಓದುವ ಬೈಬಲ್ ಭಾಗಗಳನ್ನೇ, ಓದಿ ಮಾತಾಡುತ್ತಾರೆ. ಹೊಸಬರಿಗೆ ಇದು ದೊಡ್ಡ ಅನುಕೂಲ. ವಾಚನಗಳಿಗೆ ಮೂರು ವರ್ಷದ ಸುತ್ತು ಇದೆ: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೋಹಾನ ನಡುನಡುವೆ ಬರುತ್ತಾನೆ. ಜನವರಿಯಲ್ಲಲ್ಲ, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ವರ್ಷ ಬದಲಾಗುತ್ತದೆ. ಹಾಗಾಗಿ ಏನು ಓದುತ್ತಾರೆ ಅಂತ ವಾರ ಮುಂಚೆಯೇ ಗೊತ್ತಿರುತ್ತದೆ. ಮನೆಯಲ್ಲಿ ಕನ್ನಡದಲ್ಲಿ ಓದಿಕೊಂಡು ಹೋಗಿ. ಅಲ್ಲಿ ಅರ್ಧ ವಾಕ್ಯ ತಪ್ಪಿಹೋದರೂ ವಿಷಯ ಕೈಬಿಡುವುದಿಲ್ಲ.

ಇನ್ನು ಮಾತಾಡುವ ವಿಚಾರ. ನಾವು ಪ್ರಸಂಗ ಕೇಳಿ ಬೆಳೆದವರು. ಹೇಳುವವರು ಹೇಳುತ್ತಾರೆ, ನಾವು ಕೇಳುತ್ತೇವೆ. ಇಲ್ಲಿ ಓದಿದ ಮೇಲೆ "ನಿಮಗೆ ಏನು ಅನ್ನಿಸಿತು?" ಅಂತ ಕೇಳಿ ಸುಮ್ನೆ ಕೂತುಬಿಡುತ್ತಾರೆ. ಅದು ಪರೀಕ್ಷೆಯ ಪ್ರಶ್ನೆ ಅಲ್ಲ, ಅದಕ್ಕೆ ಸರಿಯುತ್ತರವೂ ಇಲ್ಲ. ನಾನು ಆರು ವಾರ ಬಾಯಿ ಬಿಡಲಿಲ್ಲ. ನನಗೆ ಭಾಷೆ ಬರುವುದಿಲ್ಲ ಅಂದುಕೊಂಡು ಒಬ್ಬರು ನನ್ನ ಜೊತೆ ನಿಧಾನವಾಗಿ, ಜೋರಾಗಿ ಮಾತಾಡಲು ಶುರು ಮಾಡಿದರು! ಎರಡನೇ ವಾರವೇ ಒಂದು ವಾಕ್ಯವಾದರೂ ಹೇಳಿಬಿಡಿ.

ಕೆಲವು ಗುಂಪುಗಳಲ್ಲಿ ಒಂದೇ ಭಾಗವನ್ನು ಮೂರು ನಾಲ್ಕು ಸಲ ಓದುತ್ತಾರೆ, ನಡುವೆ ದೀರ್ಘ ಮೌನ. ಮೊದಲ ಸಲ ನಾನು, ಓದುವವರಿಗೆ ಪುಟ ತಪ್ಪಿದೆ ಅಂದುಕೊಂಡೆ. ಅದಕ್ಕೆ ಲೆಕ್ಸಿಯೊ ಡಿವಿನಾ ಅನ್ನುತ್ತಾರೆ. ಓದು, ಮನನ, ಪ್ರಾರ್ಥನೆ, ಧ್ಯಾನ ಅನ್ನುವ ಅದರ ನಾಲ್ಕು ಮೆಟ್ಟಿಲುಗಳನ್ನು 12ನೇ ಶತಮಾನದಲ್ಲಿ ಗೀಗೊ ಅನ್ನುವ ಸನ್ಯಾಸಿ ಬರೆದಿಟ್ಟಿದ್ದಾನೆ. ಮೌನ ತುಂಬಲು ಗಂಟಲು ಸರಿಮಾಡಿಕೊಳ್ಳಬೇಡಿ.

ವೇದಿಕೆಯ ಮೇಲೆ ನಿಂತು ವಾಚನ ಓದಲು ಕರೆದರೆ ಉಚ್ಚಾರಣೆ ನೆಪ ಮಾಡಿ ತಪ್ಪಿಸಿಕೊಳ್ಳುವವರೇ ನಮ್ಮಲ್ಲಿ ಜಾಸ್ತಿ. ಜರ್ಮನಿಯ ಕಿಟ್ಟೆಲ್ ಕನ್ನಡ ಕಲಿತು 1894ರಲ್ಲಿ ನಿಘಂಟನ್ನೇ ತಂದರು. ನಮಗೆ ಹತ್ತು ಸಾಲು ಓದಲು ಭಯ. ಇದು ಸರಿ ಅಲ್ಲ, ಅಲ್ವಾ?

ದೊಡ್ಡವರ ತರಗತಿಗಳು

ಕ್ಯಾಥೊಲಿಕ್ ಪ್ಯಾರಿಷ್‌ಗಳಲ್ಲಿ ಆರ್‌ಸಿಐಎ ಅಂತ ಒಂದು ಇದೆ. ಈಗ ಕೆಲವು ಕಡೆ ಓಸಿಐಎ ಅನ್ನುತ್ತಾರೆ. ದೀಕ್ಷಾಸ್ನಾನ ಆಗದ ವಯಸ್ಕರನ್ನು ಹಂತಹಂತವಾಗಿ ಸಿದ್ಧಪಡಿಸಿ, ಈಸ್ಟರ್ ಹಿಂದಿನ ರಾತ್ರಿ ಸಭೆಗೆ ಸೇರಿಸಿಕೊಳ್ಳುವ ಕ್ರಮ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ 1972ರಲ್ಲಿ ಈಗಿನ ರೂಪಕ್ಕೆ ಬಂತು. ಮೊದಲ ಹಂತ ಬರೀ ವಿಚಾರಿಸಿ ನೋಡುವುದು, ಯಾವ ಬಲವಂತವೂ ಇಲ್ಲ. ಗಂಡ ಅಥವಾ ಹೆಂಡತಿ ಬೇರೆ ಧರ್ಮದವರಾಗಿದ್ದು, ಇದೇನು ಅಂತ ತಿಳಿದುಕೊಳ್ಳಬೇಕು ಅನ್ನುವವರು ಅದನ್ನೇ ಹೇಳಿ ಕೂರಬಹುದು.

ಆಲ್ಫಾ ಕೋರ್ಸ್ ಇನ್ನೂ ಸರಾಗ. 1977ರಲ್ಲಿ ಲಂಡನ್ನಿನ ಒಂದು ಆಂಗ್ಲಿಕನ್ ಚರ್ಚಿನಲ್ಲಿ ಶುರುವಾಗಿದ್ದು, ಈಗ ಕ್ಯಾಥೊಲಿಕರೂ ನಡೆಸುತ್ತಾರೆ. ಊಟ, ಒಂದು ಮಾತು, ಆಮೇಲೆ ಸಣ್ಣ ಗುಂಪಿನಲ್ಲಿ ಚರ್ಚೆ. ಪ್ರಶ್ನೆ ಕೇಳಿದರೆ ಯಾರೂ ಕಣ್ಣು ಬಿಡುವುದಿಲ್ಲ. ಪಕ್ಕದಲ್ಲಿ ಕೂರುವವರ ಪರಿಚಯವೇ ಇದರ ಲಾಭ ಅಂತ ನನ್ನ ಅಭಿಪ್ರಾಯ.

ಮಗುವಿನ ದೀಕ್ಷಾಸ್ನಾನ ಇದ್ದರೆ ದಯವಿಟ್ಟು ಇದನ್ನು ಎರಡು ಸಲ ಓದಿ. ಅಪ್ಪ ಅಮ್ಮನಿಗೂ ಜ್ಞಾನ ತಂದೆ ತಾಯಿಗೂ (ಗಾಡ್‌ಪೇರೆಂಟ್ಸ್) ಮೊದಲು ತರಗತಿ ಇರುತ್ತದೆ. ಇದು ಫಾದರ್ ಅವರ ಮನಸ್ಸಿಗೆ ಬಂದ ನಿಯಮ ಅಲ್ಲ. ಕ್ಯಾಥೊಲಿಕ್ ಸಭೆಯ ಕಾನೂನಿನ 851ನೇ ಕಲಮಿನಲ್ಲಿ ಅವರಿಗೆ ತಿಳಿವಳಿಕೆ ಕೊಡಬೇಕು ಅಂತ ಇದೆ. ನಾವು ಮೊದಲು ಅತ್ತೆ ಮಾವನಿಗೆ ಟಿಕೆಟ್ ತೆಗೆದು, ಹಾಲ್ ಹಿಡಿದು, ಆಮೇಲೆ ಆಫೀಸಿಗೆ ಹೋದೆವು. ತರಗತಿ ಮುಂದಿನ ತಿಂಗಳು ಅಂದರು. ಅದು ಮುಗಿಯುವಷ್ಟರಲ್ಲಿ ತಪಸ್ಸುಕಾಲ ಬಂತು, ಆ ನಲವತ್ತು ದಿನ ಅಲ್ಲಿ ದೀಕ್ಷಾಸ್ನಾನ ಕೊಡುವುದಿಲ್ಲ. ಅತ್ತೆ ಮಾವ ಮೊಮ್ಮಗನ ಫೋಟೋ ಮಾತ್ರ ನೋಡುವ ಹಾಗಾಯಿತು. ಆ ಮಾತು ಮನೆಯಲ್ಲಿ ಇವತ್ತಿಗೂ ಬರುತ್ತದೆ. ಮಗು ಹುಟ್ಟುವ ಮೊದಲೇ ತರಗತಿ ಮುಗಿಸಿಕೊಳ್ಳಬಹುದು. ಕೇಳಿ ನೋಡಿ.

ಮದುವೆ ಸಿದ್ಧತೆ ತರಗತಿಯೂ ಹಾಗೇ. ತಿಂಗಳುಗಟ್ಟಲೆ ಮುಂಚೆ ಹೇಳಬೇಕು.

ಕೂಟಗಳು

- ಗಾಯನ ಮಂಡಳಿ: ಸ್ವರ ಓದಲು ಬರಬೇಕಾಗಿಲ್ಲ, ಅಭ್ಯಾಸಕ್ಕೆ ತಪ್ಪದೆ ಬಂದರೆ ಸಾಕು.
- ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ: 1833ರಲ್ಲಿ ಪ್ಯಾರಿಸ್ಸಿನಲ್ಲಿ ಓಜಾನಾಮ್ ಮತ್ತು ಗೆಳೆಯರು ಕಟ್ಟಿದ್ದು. ಕಷ್ಟದಲ್ಲಿರುವವರ ಮನೆಗೇ ಹೋಗಿ ನೆರವಾಗುತ್ತಾರೆ.
- ಮದರ್ಸ್ ಯೂನಿಯನ್: ಆಂಗ್ಲಿಕನ್ ಚರ್ಚುಗಳಲ್ಲಿ, 1876ರಿಂದ. ನಮ್ಮ ಸ್ತ್ರೀಯರ ಅನ್ಯೋನ್ಯ ಕೂಟದ ಹಾಗೆ.
- ಲೀಜನ್ ಆಫ್ ಮೇರಿ: ವಾರವಾರ ಜಪಮಾಲೆ, ಜೊತೆಗೆ ಒಪ್ಪಿಸಿದ ಒಂದು ಕೆಲಸ.
- ಹಿರಿಯರ ಕೂಟ: ಅಪ್ಪ ಅಮ್ಮ ಬಂದು ತಿಂಗಳುಗಟ್ಟಲೆ ಇದ್ದರೆ ಕರೆದುಕೊಂಡು ಹೋಗಿ, ಮನೆಯಲ್ಲಿ ಕಟ್ಟಿಹಾಕಬೇಡಿ.
- ಭಾಷೆ ಕಲಿಸುವ ತರಗತಿ: ಎಲ್ಲ ಕಡೆ ಇರುವುದಿಲ್ಲ. ಇದ್ದರೆ ಯಾವ ಧರ್ಮದವರೂ ಬರಬಹುದು.

ಗಂಡಸರಿಗೆ ಒಂದು ಮಾತು. ಹೆಂಡತಿ ಮಕ್ಕಳನ್ನು ಬಿಟ್ಟು ಕಾರಿನಲ್ಲಿ ಫೋನ್ ನೋಡುತ್ತಾ ಕಾಯುವುದು ಅನ್ಯೋನ್ಯತೆ ಅಲ್ಲ.

"ಬರ್ತೀವಿ" ಅನ್ನುವ ಮೊದಲು

ನಮ್ಮಲ್ಲಿ ಯಾರಾದರೂ ಕರೆದರೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಬರ್ತೀವಿ, ನೋಡೋಣ ಅಂದುಬಿಡುತ್ತೇವೆ. ಇಲ್ಲಿ ಅದನ್ನು ಒಪ್ಪಿಗೆ ಅಂತಲೇ ತಿಳಿಯುತ್ತಾರೆ. ಒಮ್ಮೆ ನಮ್ಮವರೇ ನಾಲ್ಕು ಮನೆಯವರು ಒಂದು ಕೂಟಕ್ಕೆ ಹೂಂ ಅಂದು ಹೋಗಲಿಲ್ಲ. ನಾನು ತಡವಾಗಿ ಹೋಗಿ ನೋಡಿದರೆ ಹನ್ನೆರಡು ಖಾಲಿ ಕುರ್ಚಿ, ಒಂದೊಂದರ ಮೇಲೂ ಕೈಬರಹದಲ್ಲಿ ಹೆಸರು ಬರೆದ ಚೀಟಿ. ಒಂದು ಹೆಸರನ್ನೂ ತಪ್ಪಾಗಿ ಬರೆದಿರಲಿಲ್ಲ, ಯಾರನ್ನೋ ಕೇಳಿ ತಿಳಿದುಕೊಂಡಿದ್ದರು. ಅವತ್ತು ನನಗೆ ಆದ ಅವಮಾನ ಇನ್ನೂ ಇಳಿದಿಲ್ಲ. ಆಗುವುದಿಲ್ಲ ಅಂದರೆ ಆಗುವುದಿಲ್ಲ ಅನ್ನಿ. ಯಾರೂ ಸಿಟ್ಟಾಗುವುದಿಲ್ಲ.

ಏಳು ಗಂಟೆ ಅಂದರೆ ಏಳೇ. ಇದನ್ನು ವಿವರಿಸುವುದಿಲ್ಲ.

ಮಕ್ಕಳು

ದೊಡ್ಡವರ ಕೂಟದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇದೆಯೇ ಅಂತ ಮೊದಲೇ ಕೇಳಿ. ನೀವೇ ಮಕ್ಕಳಿಗೆ ಕಲಿಸಲು ಮುಂದೆ ಬಂದರೆ ಹಿನ್ನೆಲೆ ಪರಿಶೀಲನೆಯ ಅರ್ಜಿ ತುಂಬಿಸುತ್ತಾರೆ, ಚಿಕ್ಕ ತರಬೇತಿಯೂ ಇರಬಹುದು. ನಮ್ಮ ಮೇಲೆ ಅನುಮಾನವೇ ಅಂತ ಕೆಲವರು ಮುಖ ಊದಿಸಿಕೊಂಡಿದ್ದಾರೆ. ಅದು ಎಲ್ಲರಿಗೂ ಇದೆ, ಫಾದರ್‌ಗೂ ಇದೆ.

ಕುರ್ಚಿ ಜೋಡಿಸುವ ಹೊತ್ತು

ಕೂಟ ಮುಗಿದ ಕೂಡಲೇ ಕೋಟು ಹಾಕಿಕೊಂಡು ಹೊರಡಬೇಡಿ. ಹತ್ತು ನಿಮಿಷ ನಿಂತು ಕುರ್ಚಿ ಒಂದರ ಮೇಲೊಂದು ಜೋಡಿಸಿ, ಲೋಟ ತೊಳೆಯಿರಿ. ಗೋಲಾಗಿ ಕೂತಾಗ ಬಾಯಿ ಬಿಡದ ನಾನು ಸಿಂಕಿನ ಮುಂದೆ ಒದ್ದೆ ಕೈಯಲ್ಲಿ ನಿಂತಾಗ ಚೆನ್ನಾಗಿಯೇ ಮಾತಾಡಿದೆ. ಮಗನಿಗೆ ಯಾವ ಡಾಕ್ಟರ್ ಒಳ್ಳೆಯವರು ಅಂತ ಗೊತ್ತಾಗಿದ್ದು ಅಲ್ಲಿ. ಯಾಕೋಬನ ವಿಷಯ ಹೇಳಿಕೊಂಡು ನಕ್ಕಿದ್ದೂ ಅಲ್ಲೇ. ಅವತ್ತು ನನ್ನ ಕಡೆ ಪುಸ್ತಕ ಸರಿಸಿದ್ದವರು ಲೋಟ ಒರೆಸುತ್ತಾ, "ನೀವು ಪುಸ್ತಕ ತಲೆಕೆಳಗಾಗಿ ಹಿಡಿದಿದ್ದೀರೋ ಏನೋ ಅಂದುಕೊಂಡೆ, ನನಗೆ ಆ ಲಿಪಿ ಗೊತ್ತಿರಲಿಲ್ಲವಲ್ಲ" ಎಂದರು.