ಅಂಜಲ್ ಮತ್ತು ಕಾಟ್ಲಾ: ಒಂದೇ ಮೇಜಿನ ಮೇಲೆ

ಸಮುದ್ರದ ಬೇಟೆಮೀನನ್ನೂ ಕೆರೆಯ ಮೀನನ್ನೂ ಹೋಲಿಸಲು ಹೇಳಿದರೆ ವಿದ್ಯಾರ್ಥಿಗಳು ಮೊದಲು ಬಾಲ ನೋಡುತ್ತಾರೆ. ಯಾವುದರ ಈಜು ಜೋರು ಎಂಬುದೇ ಅವರ ಕುತೂಹಲ. ಬೆಂಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಬಾಯಿಯಿಂದಲೇ ಆರಂಭಿಸುತ್ತೇನೆ. ಮೀನು ಏನನ್ನು ತಿನ್ನುತ್ತದೆ ಎಂಬುದು ತಿಳಿದರೆ ಅದರ ದೇಹದ ಬಹುಪಾಲು ಅರ್ಥವಾಗುತ್ತದೆ.

ನಾನು ಆರಿಸಿಕೊಳ್ಳುವುದು ಸಮುದ್ರದ ಅಂಜಲ್ ಮತ್ತು ಕೆರೆಯ ಕಾಟ್ಲಾ. ಎರಡೂ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಸಿಗುತ್ತವೆ. ಪಾಠಕ್ಕೆಂದು ಬೇರೆ ಜೀವ ತೆಗೆಯಬೇಕಾಗಿಲ್ಲ. ತೂಕ ಹೆಚ್ಚುಕಡಿಮೆ ಸಮನಾಗಿರಬೇಕು. ಇಲ್ಲದಿದ್ದರೆ ಕಾಣುವ ವ್ಯತ್ಯಾಸ ಜಾತಿಯದೋ ಗಾತ್ರದ್ದೋ ಗೊತ್ತಾಗುವುದಿಲ್ಲ. “ಅಣ್ಣಾ, ಕ್ಲೀನ್ ಮಾಡಬೇಡಿ, ಕಿವಿರು, ಹೊಟ್ಟೆ ಹಾಗೆಯೇ ಇರಲಿ” ಎಂದು ಅಂಗಡಿಯವರಿಗೆ ಮೊದಲೇ ಹೇಳಿಡುತ್ತೇನೆ. ಜೂನ್, ಜುಲೈನಲ್ಲಿ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ಈ ಪಾಠ ಇಟ್ಟುಕೊಳ್ಳುವುದಿಲ್ಲ.

ಅಂಜಲ್‌ನ ದವಡೆಯಲ್ಲಿ ಚಪ್ಪಟೆಯಾದ, ತ್ರಿಕೋನಾಕಾರದ, ಹರಿತವಾದ ಹಲ್ಲುಗಳ ಸಾಲಿದೆ. ಅಂಜಲ್‌ಗೆ ಗಾಳ ಹಾಕುವವರು ದಾರದ ತುದಿಗೆ ತಂತಿ ಕಟ್ಟುವುದು ಆ ಹಲ್ಲಿಗೆ ಹೆದರಿಯೇ. ಕಾಟ್ಲಾದ ಬಾಯಿ ಮೇಲ್ಮುಖವಾಗಿದೆ, ದವಡೆಯಲ್ಲಿ ಒಂದೂ ಹಲ್ಲಿಲ್ಲ. ಇರುವ ಹಲ್ಲು ಗಂಟಲಿನೊಳಗೆ.

ಮುಂದಿನದು ಕಿವಿರು. ಇಲ್ಲಿ ಅವಸರ ಮಾಡಬಾರದು. ಕಿವಿರಿನ ಮುಚ್ಚಳ ತೆಗೆದು ಮೊದಲ ಕಮಾನನ್ನು ಕತ್ತರಿಯಿಂದ ಬಿಡಿಸಿ, ನೀರು ತುಂಬಿದ ಬಿಳಿ ತಟ್ಟೆಯಲ್ಲಿ ಹರಡುತ್ತೇನೆ. ಕಾಟ್ಲಾದ ಕಮಾನಿನ ಒಳಬದಿಯಲ್ಲಿ ಉದ್ದನೆಯ ನವಿರಾದ ಕಡ್ಡಿಗಳು ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನಿಂತಿರುತ್ತವೆ. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಅದು ಸೋಸಿಕೊಳ್ಳುವುದು ಇವುಗಳಿಂದಲೇ. ಅಂಜಲ್‌ನಲ್ಲಿ ಅಂಥ ಕಡ್ಡಿಗಳು ಬೆರಳೆಣಿಕೆಯಷ್ಟು, ಅವೂ ಗಿಡ್ಡ. ಇಡೀ ಮೀನನ್ನೇ ನುಂಗುವುದಕ್ಕೆ ಜರಡಿ ಏಕೆ ಬೇಕು? ಇಡೀ ಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಇದು.

ಹೊಟ್ಟೆ ಸೀಳಿದಾಗ ಇದೇ ಮಾತು ಮತ್ತೆ ರುಜುವಾಗುತ್ತದೆ. ಅಂಜಲ್‌ಗೆ ಚೀಲದಂಥ ಜಠರವಿದೆ; ಕೆಲವೊಮ್ಮೆ ಅರೆಜೀರ್ಣವಾದ ಬೂತಾಯಿ ಎಂಬ ಸಣ್ಣ ಮೀನು ಅದರೊಳಗೇ ಸಿಗುತ್ತದೆ. ಕಾಟ್ಲಾಗೆ ಜಠರವೇ ಇಲ್ಲ, ಸುರುಳಿ ಸುತ್ತಿದ ಕರುಳು ಮಾತ್ರ. ಬಿಡಿಸಿದರೆ ಅದು ದೇಹದ ಉದ್ದದ ಹಲವು ಪಟ್ಟು ಆಗುತ್ತದೆ. ಕಾಟ್ಲಾದ ಬೆನ್ನುಮೂಳೆಯ ಕೆಳಗೆ ಎರಡು ಕೋಣೆಗಳ ಗಾಳಿಚೀಲ ಹೊಳೆಯುತ್ತದೆ. ಅಂಜಲ್‌ನಲ್ಲಿ ಆ ಜಾಗದಲ್ಲಿ ಏನೂ ಇಲ್ಲ. ತೇಲಲು ಗಾಳಿಯ ಆಸರೆಯಿಲ್ಲದ ಈ ಮೀನು ಈಜುತ್ತಲೇ ಇರಬೇಕು. ಅರ್ಧಚಂದ್ರದಂಥ ಬಾಲ, ಅದರ ಬುಡದ ಏಣುಗಳು, ಬೆನ್ನಿನ ಹಿಂಭಾಗದ ಪುಟ್ಟ ರೆಕ್ಕೆಗಳ ಸಾಲು ಇವನ್ನೆಲ್ಲ ಆಮೇಲೆ ತೋರಿಸಿದರೆ ವಿದ್ಯಾರ್ಥಿಗಳು ತಾವೇ ವಿವರಿಸುತ್ತಾರೆ.

ಕತ್ತಿಗೆ ಕಾಣದ ವ್ಯತ್ಯಾಸವನ್ನು ಹಲಗೆಯ ಮೇಲೆ ಬರೆಯಬೇಕಾಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದ್ದರೆ ಅಂಜಲ್‌ನಂಥ ಮೀನಿನ ರಕ್ತದಲ್ಲಿರುವುದು ಅದರ ಮೂರನೇ ಒಂದು ಭಾಗದಷ್ಟು. ಹಾಗಾಗಿ ದೇಹದ ನೀರು ಹೊರಗೆ ಸೋರುತ್ತಲೇ ಇರುತ್ತದೆ. ಅಂಜಲ್ ಸಮುದ್ರದ ನೀರನ್ನೇ ಕುಡಿದು ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತದೆ. ಕೆರೆಯ ಕಾಟ್ಲಾಗೆ ಕಷ್ಟ ತಿರುವುಮುರುವು: ನೀರು ಒಳಗೆ ನುಗ್ಗುತ್ತದೆ, ಅದನ್ನು ತೆಳು ಮೂತ್ರವಾಗಿ ಹೊರಗೆ ಕಳಿಸಬೇಕು.

ಕೆರೆಯಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಹೇಳದೆ ನಾನು ಪಾಠ ಮುಗಿಸುವುದಿಲ್ಲ. ಕೊಳಚೆ ಸೇರಿ ಪಾಚಿ ಹೆಚ್ಚಿದ ನೀರಿನಲ್ಲಿ ರಾತ್ರಿಯಿಡೀ ಆಮ್ಲಜನಕ ಖರ್ಚಾಗುತ್ತದೆ, ಹುಟ್ಟುವುದಿಲ್ಲ. ನಸುಕಿನಲ್ಲಿ ಕಾಟ್ಲಾಗಳು ಮೇಲೆ ಬಂದು ಬಾಯಿ ತೆರೆಯುವುದು ಅದಕ್ಕೇ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದನ್ನು ಈ ನಗರ ನೋಡಿದೆ. ಅದಕ್ಕಾಗಿ ಮುಂದಿನ ತರಗತಿಯಲ್ಲಿ ನಾವು ಕತ್ತರಿ ಬದಿಗಿಟ್ಟು, ಕಾಲೇಜಿನ ಹತ್ತಿರದ ಕೆರೆಯ ನೀರಿನಲ್ಲಿ ಆಮ್ಲಜನಕವನ್ನು ನಸುಕಿಗೊಮ್ಮೆ, ಮಧ್ಯಾಹ್ನಕ್ಕೊಮ್ಮೆ ಅಳೆಯುತ್ತೇವೆ.