ಕಾರಿನಲ್ಲಿ ಕೂತು ವೈಫೈ ಕೇಳಿಸಿಕೊಂಡಿದ್ದು

ವಾರ್‌ಡ್ರೈವಿಂಗ್ ಮಾಡ್ತೀನಿ ಅಂದರೆ ಸಾಕು, "ಬೇರೆಯವರ ವೈಫೈ ಕದಿಯೋದಾ?" ಅಂತ ಕೇಳುತ್ತಾರೆ. ಖಂಡಿತ ಅಲ್ಲ. ಇದು ಬರೀ ಕೇಳಿಸಿಕೊಳ್ಳುವ ಕೆಲಸ. ಸಾಮಾನ್ಯವಾಗಿ ರೂಟರ್ ಸೆಕೆಂಡಿಗೆ ಸುಮಾರು 10 ಸಲ ಬೀಕನ್ ಅನ್ನೋ ಪುಟ್ಟ ಸಂದೇಶ ಕಳಿಸುತ್ತಲೇ ಇರುತ್ತದೆ. ಅದರ ಹೆಸರು, ಚಾನೆಲ್, ಹಾಕಿಕೊಂಡಿರುವ ಬೀಗ ಎಂಥದ್ದು, ಎಲ್ಲ ಅದರಲ್ಲೇ ಇರುತ್ತದೆ. ರಸ್ತೆಯಲ್ಲಿ ಹೋಗುತ್ತಾ ನಾನು ಅದನ್ನು ಬರೆದಿಟ್ಟುಕೊಳ್ಳುತ್ತೇನೆ, ಅಷ್ಟೇ. ಪಾಸ್‌ವರ್ಡೇ ಇಲ್ಲದ ನೆಟ್‌ವರ್ಕ್ ಸಿಕ್ಕರೂ ಕನೆಕ್ಟ್ ಆಗುವುದಿಲ್ಲ.

ಒಳಗೆ ಓಡಾಡುವ ಡೇಟಾವನ್ನೂ ಮುಟ್ಟುವುದಿಲ್ಲ. ಗೂಗಲ್‌ನ ಸ್ಟ್ರೀಟ್ ವ್ಯೂ ಕಾರುಗಳು ತೆರೆದ ವೈಫೈಗಳಿಂದ ಜನರ ಡೇಟಾವನ್ನೂ ಸಂಗ್ರಹಿಸಿದ್ದು 2010ರಲ್ಲಿ ಬಯಲಾಗಿ, ಹಲವು ದೇಶಗಳಲ್ಲಿ ತನಿಖೆ ನಡೆಯಿತು. ಹಾಗಾಗಿ ನಾನು ಕಿಸ್ಮೆಟ್ ಅನ್ನೋ ವೈಫೈ ಕೇಳುವ ಸಾಫ್ಟ್‌ವೇರನ್ನು, ಡೇಟಾ ಬಿಟ್ಟು ನೆಟ್‌ವರ್ಕ್‌ಗಳ ವಿವರವನ್ನಷ್ಟೇ ಬರೆದಿಡುವ ವಾರ್‌ಡ್ರೈವ್ ಮೋಡ್‌ನಲ್ಲೇ ಶುರು ಮಾಡುತ್ತೇನೆ. ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಸಾಮಾನು ಜಾಸ್ತಿ ಬೇಡ. ಹಳೇ ಲ್ಯಾಪ್‌ಟಾಪ್, ಯುಎಸ್‌ಬಿ ಜಿಪಿಎಸ್, ಕಾರಿನ ಮೇಲೆ ಅಂಟಿಸುವ ಮ್ಯಾಗ್ನೆಟ್ ಆಂಟೆನಾ, ಕನೆಕ್ಟ್ ಆಗದೇ ಸುತ್ತಲಿನ ವೈಫೈ ಕೇಳಿಸಿಕೊಳ್ಳುವ ಮಾನಿಟರ್ ಮೋಡ್ ಇರುವ ವೈಫೈ ಅಡಾಪ್ಟರ್. ಓಡಿಸಲು ಬೇರೆಯವರು ಬೇಕೇ ಬೇಕು. ಸ್ಟೀರಿಂಗ್ ಹಿಡಿದು ಸ್ಕ್ರೀನ್ ನೋಡಬೇಡಿ. ನನ್ನ ಜೊತೆ ಗೆಳೆಯ ಬರುತ್ತಾನೆ.

ಮೊದಲ ದಿನ ನಾವು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋದೆವು. ಪಟ್ಟಿ ನೋಡಿದರೆ ತೀರಾ ಚಿಕ್ಕದು. ಅಡಾಪ್ಟರ್ ಒಂದು ಸಲಕ್ಕೆ ಒಂದೇ ಚಾನೆಲ್ ಕೇಳುತ್ತದೆ, ಆಮೇಲೆ ಮುಂದಿನದಕ್ಕೆ ಹಾರುತ್ತದೆ. ಅದು 6ನೇ ಚಾನೆಲ್‌ನಲ್ಲಿ ಕಿವಿ ಇಟ್ಟಿದ್ದಾಗ 11ರಲ್ಲಿ ಕೂಗಿದ್ದು ಕೇಳಿಸುವುದೇ ಇಲ್ಲ. ಅಷ್ಟರಲ್ಲಿ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಮುಂದೆ ಹೋಗಿರುತ್ತದೆ. ಮಾರನೇ ದಿನ ವೈಫೈ ಬಳಸುವ 2.4 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಒಂದು, 5 ಗಿಗಾಹರ್ಟ್ಸ್‌ಗೆ ಇನ್ನೊಂದು ಅಡಾಪ್ಟರ್ ಹಾಕಿ, ಅದೇ ರಸ್ತೆಯಲ್ಲಿ 20ರ ವೇಗದಲ್ಲಿ ಹೋದೆವು. ಹೆಸರುಗಳು ಸಾಲುಸಾಲಾಗಿ ಬಂದವು.

ಮನೆಗೆ ಬಂದು ಪಟ್ಟಿ ಓದುವುದೇ ನಿಜವಾದ ಕೆಲಸ. ವೆಪ್ ಅನ್ನೋ ಹಳೇ ಬೀಗ ಇರುವುದು ಈಗಲೂ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ಅದನ್ನು ಮುರಿಯುವ ದಾರಿಯನ್ನು ಫ್ಲೂರರ್, ಮಾಂಟಿನ್, ಶಮೀರ್ ಅನ್ನೋ ಸಂಶೋಧಕರು 2001ರಲ್ಲೇ ತೋರಿಸಿದ್ದರು. ಇಷ್ಟು ವರ್ಷವಾದರೂ ಯಾರೋ ಅದನ್ನೇ ನಂಬಿಕೊಂಡಿದ್ದಾರಲ್ಲ ಅಂತ ಸಂಕಟವಾಗುತ್ತದೆ.

ಆದರೆ ನನಗೆ ಅದಕ್ಕಿಂತ ಜಾಸ್ತಿ ಕಾಡಿದ್ದು ಡಬ್ಲ್ಯೂಪಿಎಸ್, ಅಂದರೆ ಪಾಸ್‌ವರ್ಡ್ ಟೈಪ್ ಮಾಡದೇ ವೈಫೈ ಸೇರುವ ಸೌಲಭ್ಯ. ಸಾಲು ಚೆನ್ನಾಗಿಯೇ ಕಾಣುತ್ತದೆ: ಡಬ್ಲ್ಯೂಪಿಎ2, ಎಇಎಸ್ ಅನ್ನೋ ಗಟ್ಟಿ ಬೀಗ. ಕೊನೆಯಲ್ಲಿ ಮಾತ್ರ ಡಬ್ಲ್ಯೂಪಿಎಸ್ ಅಂತ ಒಂದು ಗುರುತು. ಫೋನು, ಪ್ರಿಂಟರ್ ಸುಲಭವಾಗಿ ಸೇರಲಿ ಅಂತ ಕೊಟ್ಟ 8 ಅಂಕಿಯ ಪಿನ್ ಅದರ ಹಿಂದೆ ಇರಬಹುದು. ಕೊನೆಯ ಅಂಕಿ ಬರೀ ತಾಳೆ ನೋಡಲು. ಉಳಿದ 7ನ್ನು ರೂಟರ್ ಒಟ್ಟಿಗೆ ನೋಡುವುದಿಲ್ಲ. ಮೊದಲ 4 ಸರಿಯೋ ತಪ್ಪೋ ಅಂತ ಬೇರೆಯಾಗಿ ಹೇಳಿಬಿಡುತ್ತದೆ. ಅಲ್ಲಿಗೆ 10,000 ಮತ್ತು 1,000, ಒಟ್ಟು 11,000 ಸಲ ಪ್ರಯತ್ನಿಸಿದರೆ ಮುಗಿಯಿತು, ಪಿನ್ ಸಿಕ್ಕವರಿಗೆ ರೂಟರ್ ಪಾಸ್‌ವರ್ಡನ್ನೇ ಕೊಟ್ಟುಬಿಡುತ್ತದೆ. ಈ ತಪ್ಪು 2011ರಲ್ಲಿ ಹೊರಬಂತು. ತಪ್ಪು ಪಿನ್ ತಡೆಯುವ ವ್ಯವಸ್ಥೆ ರೂಟರ್‌ನಲ್ಲಿ ಇಲ್ಲದಿದ್ದರೆ, ನೀವು 20 ಅಕ್ಷರದ ಪಾಸ್‌ವರ್ಡ್ ಇಟ್ಟೂ ಏನು ಪ್ರಯೋಜನ, ಅಲ್ವಾ?

ಹೆಸರು ಬಚ್ಚಿಟ್ಟವರೂ ಸಿಗುತ್ತಾರೆ. ಅದರಿಂದ ಲಾಭವಿಲ್ಲ. ಮನೆಯವರ ಫೋನು ಕನೆಕ್ಟ್ ಆಗುವಾಗ ಆ ಹೆಸರನ್ನು ತಾನೇ ಕೂಗಿ ಹೇಳುತ್ತದೆ.

ಇನ್ನೊಂದು ಮಾತು. ಮ್ಯಾಪ್‌ನಲ್ಲಿ ಬೀಳುವ ಚುಕ್ಕೆ ರೂಟರ್ ಇರುವ ಮನೆಯಲ್ಲ, ಅದರ ದನಿ ಕೇಳಿಸಿದಾಗ ನಮ್ಮ ಕಾರು ಇದ್ದ ಜಾಗ. ಚುಕ್ಕೆ ನೋಡಿ ಸುಮ್ನೆ ಯಾರದೋ ಬಾಗಿಲು ತಟ್ಟಬೇಡಿ.

ಆ ಪಟ್ಟಿಯಲ್ಲಿ ನಮ್ಮ ಮನೆಯ ಸಾಲೂ ಇತ್ತು. ಕೊನೆಯಲ್ಲಿ ಅದೇ ಗುರುತು. ಸೆಟ್ಟಿಂಗ್ಸ್ ತೆರೆದು ನೋಡಿದೆ, ಡಬ್ಲ್ಯೂಪಿಎಸ್ ಆಫ್ ಅಂತಲೇ ತೋರಿಸುತ್ತಿತ್ತು. ಬೀಕನ್ ಮಾತ್ರ ಆನ್ ಅನ್ನುತ್ತಿತ್ತು. ನಾನು ವರ್ಷಗಟ್ಟಲೆ ಆ ಪುಟವನ್ನೇ ನಂಬಿದ್ದೆ. ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಮತ್ತೆ ಆಫ್ ಮಾಡಿ, ರೂಟರ್ ರೀಸ್ಟಾರ್ಟ್ ಮಾಡಿದೆ. ಆಮೇಲೆ ಗೆಳೆಯನನ್ನು ಕರೆದು ಮನೆ ಮುಂದೆ ಒಂದು ಸುತ್ತು ಹೊಡೆಸಿದೆ. ನಮ್ಮ ಸಾಲು ಬಂತು. ಈ ಸಲ ಆ ಗುರುತು ಇರಲಿಲ್ಲ.