ಲಾರಿ ತೂಗುವಾಗ ನಿಲ್ಲುತ್ತಿದ್ದ ಡಿಸ್ಕ್

ಗಂಗಾವತಿಯ ಒಂದು ರೈಸ್ ಮಿಲ್ಲಿನ ವೇಬ್ರಿಡ್ಜ್ ಕಂಪ್ಯೂಟರಿಗೆ ಡಿಸ್ಕ್ ಡ್ರೈವರ್, ಅಂದ್ರೆ ಡಿಸ್ಕನ್ನು ನಡೆಸುವ ಸಾಫ್ಟ್‌ವೇರ್, ಬರೆದವನು ನಾನೇ. ಹಾಗಾಗಿ ಬೈಸಿಕೊಳ್ಳುವವನೂ ನಾನೇ. ಭತ್ತದ ಸುಗ್ಗಿ, ಗೇಟಿನಾಚೆ ಲಾರಿ ಸಾಲು. "ಸರ, ಮತ್ತ ನಿಂತೈತ್ರಿ" ಅಂತ ತೂಕದ ಹುಡುಗನ ಫೋನ್. ಪರದೆ 30 ಸೆಕೆಂಡ್ ಅಲ್ಲಾಡದೆ ನಿಂತು, ಆಮೇಲೆ ಏನೂ ಆಗದ ಹಾಗೆ ಮುಂದೆ ಹೋಗುತ್ತಿತ್ತು. ಲಿನಕ್ಸ್‌ನಲ್ಲಿ ಡಿಸ್ಕಿಗೆ ಇರುವ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಗಡುವು) ಅಷ್ಟೇ ಅಂತ ನಾನೂ 30 ಇಟ್ಟಿದ್ದೆ.

ಡಿಸ್ಕ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ. ದುಡ್ಡು ದಂಡ. ಕೊನೆಗೆ ಟೈಮ್‌ಔಟ್ ಆದಾಗ ಡಿಸ್ಕಿನ ಸ್ಟೇಟಸ್ (ತನ್ನ ಸ್ಥಿತಿ ಹೇಳುವ ಅಂಕಿ) ಬರೆದಿಡುವ ಒಂದು ಸಾಲು ಸೇರಿಸಿದೆ. ಪ್ರತಿ ಸಲ ಹೆಕ್ಸ್ (16ರ ಲೆಕ್ಕದ) 50. ಅಂದ್ರೆ ಡಿಸ್ಕ್ ಕೆಲಸ ಮುಗಿಸಿ ಸುಮ್ನೆ ಕೂತಿದೆ, ಮುಗೀತು ಅಂತ ಕೂಗುವ ಸಿಗ್ನಲ್, ಅಂದ್ರೆ ಇಂಟರಪ್ಟ್, ಮಾತ್ರ ಸಿಪಿಯುಗೆ ಮುಟ್ಟಿಲ್ಲ.

ಸುಗ್ಗಿ ಕಳೆಯಲಿ ಅಂತ ಒಂದು ಉಪಾಯ ಮಾಡಿದೆ. 2 ಸೆಕೆಂಡಾದರೂ ಇಂಟರಪ್ಟ್ ಬರದಿದ್ದರೆ ಡ್ರೈವರ್ ತಾನೇ ಆಲ್ಟರ್ನೇಟ್ ಸ್ಟೇಟಸ್, ಅಂದ್ರೆ ಅದೇ ಸ್ಥಿತಿಯ ಇನ್ನೊಂದು ಪ್ರತಿ, ಓದುತ್ತದೆ. ಮಾಮೂಲಿ ಸ್ಟೇಟಸ್ ಓದಿದರೆ ಬಾಕಿ ಇಂಟರಪ್ಟ್ ಅಳಿಸಿಹೋಗುತ್ತದೆ, ಇದರಿಂದ ಹೋಗುವುದಿಲ್ಲ. ಬ್ಯುಸಿ (ಕೆಲಸದಲ್ಲಿದೆ), ಡಿಆರ್‌ಕ್ಯೂ (ಡೇಟಾ ಸಾಗಿಸಲು ಕಾಯುತ್ತಿದೆ) ಬಿಟ್ ಎರಡೂ ಇಳಿದಿದ್ದರೆ ಮಾತ್ರ ಮಾಮೂಲಿ ಸ್ಟೇಟಸ್ ಓದಿ, ಎರರ್ ಬಿಟ್ ನೋಡಿ, ಕಮಾಂಡ್ ಮುಗಿಸುತ್ತದೆ. ಇಲ್ಲವಾದರೆ ಕಾಯುತ್ತದೆ. ಡಿಸ್ಕ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡದ್ದನ್ನು ಕಾಯಂ ಆಗಿ ಬರೆಯುವ ಕ್ಯಾಶ್ ಫ್ಲಶ್‌ಗೆ ಜಾಸ್ತಿ ಹೊತ್ತು ಬೇಕಾಗಬಹುದು ಅಲ್ವಾ.

ಇಲ್ಲೇ ಎಡವಿದ್ದು. ಈ ದಾರಿಯಲ್ಲಿ ಡಿಎಂಎ (ಸಿಪಿಯು ಇಲ್ಲದೆ ಡೇಟಾ ಸಾಗಿಸುವ ಭಾಗ) ಸ್ಟೇಟಸ್‌ನ ಇಂಟರಪ್ಟ್ ಬಿಟ್ಟಿಗೆ 1 ಬರೆದು ಅಳಿಸುವುದನ್ನು ಮರೆತಿದ್ದೆ. ಅದೇ ಇಂಟರಪ್ಟ್ ಲೈನಿನಲ್ಲಿ ಬೇರೆ ಕಾರ್ಡಿನ ಇಂಟರಪ್ಟ್ ಬಂದಾಗ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ನನ್ನ ಕೋಡ್) ಆ ಹಳೇ ಬಿಟ್ ನೋಡಿ, ಮುಂದಿನ ಕಮಾಂಡೂ ಮುಗಿಯಿತು ಅಂದುಕೊಂಡಿತು. ಡಿಸ್ಕಿನಿಂದ ಓದಿದ್ದು ಬಂದು ಕೂರುವ ಬಫರಿನಲ್ಲಿದ್ದದ್ದು ಹಳೇ ದಾಖಲೆ. ಒಂದು ಲಾರಿಯ ಚೀಟಿಯಲ್ಲಿ ಹಿಂದಿನ ಲಾರಿಯ ಲೋಡ್ ತೂಕ! ಲಾರಿ ಡ್ರೈವರಣ್ಣ ಕೂಗಾಡಿದ್ದರಿಂದ ಗೊತ್ತಾಯಿತು. ಅದಕ್ಕಿಂತ 30 ಸೆಕೆಂಡ್ ನಿಲ್ಲುವುದೇ ವಾಸಿಯಿತ್ತು. ಬಿಟ್ ಅಳಿಸಿದೆ, 2 ಸೆಕೆಂಡಿನ ಟೈಮರನ್ನೂ ಹ್ಯಾಂಡ್ಲರನ್ನೂ ಒಟ್ಟೊಟ್ಟಿಗೆ ಓಡದಂತೆ ಒಂದೇ ಲಾಕಿನೊಳಗೆ ತಂದೆ.

ಮೂಲ ಸಿಕ್ಕಿದ್ದು ಹುಡುಗನ ಮಾತಿನಿಂದ: "ಆವಾಗ ತೂಕದ ಅಂಕಿನೂ ನಿಂತಿರ್ತೈತ್ರಿ." ತೂಕ ಬರುವುದು ಸೀರಿಯಲ್ ಕಾರ್ಡಿನಿಂದ. ಅದಕ್ಕೂ ಡಿಸ್ಕ್ ಕಾರ್ಡಿಗೂ ಒಂದೇ ಇಂಟರಪ್ಟ್ ಲೈನ್, ಐಆರ್‌ಕ್ಯೂ 11. ಪಿಸಿಐ ಕಾರ್ಡುಗಳು ಲೈನ್ ಹಂಚಿಕೊಳ್ಳಬಹುದು, ಆದರೆ ಅದು ಲೆವೆಲ್ ಟ್ರಿಗರ್ ಆಗಿರಬೇಕು, ಅಂದ್ರೆ ಲೈನ್ ಎಳೆದಿರುವಷ್ಟು ಹೊತ್ತೂ ಇಂಟರಪ್ಟ್ ಅಂತ ಲೆಕ್ಕ. ಇಲ್ಲಿ ಬಯೋಸ್ (ಕಂಪ್ಯೂಟರ್ ಶುರು ಮಾಡುವ ಸಾಫ್ಟ್‌ವೇರ್) ಅದನ್ನು ಎಡ್ಜ್, ಅಂದ್ರೆ ಲೈನ್ ಬದಲಾದ ಕ್ಷಣ ಮಾತ್ರ ಲೆಕ್ಕ, ಅಂತ ಬಿಟ್ಟಿತ್ತು. ಒಂದು ಕಾರ್ಡ್ ಲೈನ್ ಎಳೆದು ಹಿಡಿದಿರುವಾಗ ಇನ್ನೊಂದೂ ಎಳೆದರೆ ಹೊಸ ಎಡ್ಜ್ ಹುಟ್ಟುವುದೇ ಇಲ್ಲ. ಎರಡಕ್ಕೂ ಬಾಯಿ ಕಟ್ಟಿದ ಹಾಗೆ. ಲೈನ್ ಎಡ್ಜೋ ಲೆವೆಲ್ಲೋ ಅಂತ ಹೇಳುವ ಹೆಕ್ಸ್ 4ಡಿ1 ಪೋರ್ಟಿನಲ್ಲಿ, 0ಯಿಂದ ಎಣಿಸಿದರೆ 3ನೇ ಬಿಟ್ಟಿಗೆ 1 ಬರೆದೆ. ಲೈನ್ ಲೆವೆಲ್ ಆಯಿತು.

2 ಸೆಕೆಂಡಿನ ಕಾವಲು ತೆಗೆದಿಲ್ಲ. ಕಳೆದುಹೋದ ಇಂಟರಪ್ಟ್‌ಗಳ ಲೆಕ್ಕ ಪರದೆಯ ಮೂಲೆಯಲ್ಲೇ ಕಾಣುತ್ತದೆ. 0 ಬಿಟ್ಟು ಬೇರೇನಾದರೂ ಬಂದರೆ ಫೋನ್ ಮಾಡಪ್ಪ ಅಂದಿದ್ದೇನೆ.